ಇಮೇಲ್‌ನ ಮೇಕಪ್ ತೆಗೆದು ನೋಡುವುದು ಹೇಗೆ?

ರಿಟರ್ನ್ಸ್ ಸಲ್ಲಿಸುವ ಕಾಲ ಬಂತೆಂದರೆ ‘ನಿಮ್ಮ ತೆರಿಗೆ ರೀಫಂಡ್ ಬಾಕಿ ಇದೆ, ಕೂಡಲೇ ಖಾತೆ ವಿವರ ಕೊಡಿ’ ಎಂಬ ನಕಲಿ ಮೇಲ್‌ಗಳೂ ಶುರು. ಮೇಲೆ ಸರ್ಕಾರಿ ಲಾಂಛನ, ನಡುವೆ ದೊಡ್ಡ ನೀಲಿ ಬಟನ್. ಅಸಲಿ ಅಂತಲೇ ಅನಿಸುತ್ತದೆ. ಇಂಥ ಮೇಲ್ ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟಗಳನ್ನು ರೂಪಿಸುವ ಭಾಷೆಯಲ್ಲಿ, ಬರೆದ ಪುಟ್ಟ ವೆಬ್ ಪುಟ. ಹಾಗಾಗಿ ಬಟನ್ ಮೇಲೆ ಇಲಾಖೆಯ ಹೆಸರು ಬರೆದು, ಒತ್ತಿದವರನ್ನು ಬೇರೆಲ್ಲಿಗೋ ಕಳಿಸಬಹುದು.

ಪ್ಲೇನ್ ಟೆಕ್ಸ್ಟ್ ಮೇಲ್‌ನಲ್ಲಿ ಬಣ್ಣವಿಲ್ಲ, ಬಟನ್ ಇಲ್ಲ, ಬರೀ ಅಕ್ಷರ. ಲಿಂಕ್ ಇದ್ದರೆ ಅದರ ಪೂರ್ತಿ ವಿಳಾಸ ಕಣ್ಣಿಗೇ ಬೀಳುತ್ತದೆ. ಹಾಗಂತ ಎಲ್ಲ ಮೇಲನ್ನೂ ಹೀಗೇ ಓದಲು ಹೊರಟರೆ ಟಿಕೆಟ್, ಬಿಲ್ಲುಗಳ ಕೋಷ್ಟಕ ಚೆಲ್ಲಾಪಿಲ್ಲಿ. ನನ್ನ ಪ್ರಕಾರ ಅಷ್ಟು ಕಷ್ಟ ಬೇಡ.

ಮೊದಲು ಚಿತ್ರಗಳನ್ನು ತಡೆಯಿರಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್, ‘ಸೀ ಆಲ್ ಸೆಟ್ಟಿಂಗ್ಸ್’, ಜನರಲ್ ಎಂದು ಹೋಗಿ. ‘ಇಮೇಜಸ್’ ಎದುರು ‘ಆಸ್ಕ್ ಬಿಫೋರ್ ಡಿಸ್‌ಪ್ಲೇಯಿಂಗ್ ಎಕ್ಸ್‌ಟರ್ನಲ್ ಇಮೇಜಸ್’ ಆರಿಸಿ. ಪುಟದ ಕೊನೆಯಲ್ಲಿರುವ ‘ಸೇವ್ ಚೇಂಜಸ್’ ಒತ್ತುವುದನ್ನು ಮರೀಬೇಡಿ. ಯಾಕೆ ಇಷ್ಟೆಲ್ಲ ಅಂದರೆ, ಜಾಹೀರಾತಿನ ಮೇಲ್‌ಗಳಲ್ಲಿ ಒಂದೇ ಪಿಕ್ಸೆಲ್ ಗಾತ್ರದ, ಕಣ್ಣಿಗೆ ಕಾಣದ ಚಿತ್ರವೊಂದು ಅಡಗಿರುತ್ತದೆ. ನೀವು ಮೇಲ್ ತೆರೆದಾಗ ಅದು ಕಳಿಸಿದವರ ಸರ್ವರ್‌ನಿಂದ ಇಳಿಯುತ್ತದೆ. ನೀವು ಯಾವಾಗ ತೆರೆದಿರಿ ಅಂತ ಅವರಿಗೆ ಗೊತ್ತಾಗುತ್ತದೆ. ಜಿಮೇಲ್ 2013ರಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕವೇ ತೋರಿಸುತ್ತಿದೆ, ಆದ್ದರಿಂದ ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅವರಿಗೆ ಸಿಗುವುದಿಲ್ಲ. ಆದರೂ ‘ಈ ವಿಳಾಸದವರು ಮೇಲ್ ನೋಡುತ್ತಾರೆ’ ಎಂಬುದು ತಿಳಿಯಬಹುದು. ಮೋಸಗಾರರಿಗೆ ಅಷ್ಟು ಸಾಕು, ಅಲ್ವಾ?

ಆಮೇಲೆ ಲಿಂಕ್. ಕಂಪ್ಯೂಟರ್‌ನಲ್ಲಾದರೆ ಮೌಸ್ ಅನ್ನು ಅದರ ಮೇಲೆ ಸುಮ್ನೆ ಇಡಿ, ಕ್ಲಿಕ್ ಮಾಡಬೇಡಿ. ಬ್ರೌಸರ್‌ನ ಕೆಳಗಿನ ಮೂಲೆಯಲ್ಲಿ ನಿಜವಾದ ವಿಳಾಸ ಕಾಣುತ್ತದೆ. ಮೊಬೈಲ್‌ನಲ್ಲಿ ಲಿಂಕನ್ನು ಒತ್ತಿ ಹಿಡಿಯಿರಿ. ‘ಎಚ್‌ಟಿಟಿಪಿಎಸ್’ ಆದ ಮೇಲಿನ ಎರಡು ಓರೆಗೆರೆ ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆವರೆಗಿನ ಭಾಗ ಮಾತ್ರ ಮುಖ್ಯ. ಅದನ್ನು ಬಲಗಡೆಯಿಂದ ಓದಿ. ಆದಾಯ ತೆರಿಗೆ ಇಲಾಖೆಯ ರಿಟರ್ನ್ಸ್ ಸಲ್ಲಿಸುವ ತಾಣದ್ದು ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯಬೇಕು. ‘ಇನ್’ ಆದ ಮೇಲೆ ಮತ್ತೊಂದು ಡಾಟ್, ಇನ್ನೊಂದು ಹೆಸರು ಅಂಟಿಕೊಂಡಿದ್ದರೆ ಅದು ಇಲಾಖೆಯದಲ್ಲ. ಬ್ಯಾಂಕುಗಳ ವಿಷಯದಲ್ಲಿ ಈಗ ಸ್ವಲ್ಪ ಸುಲಭ. 2025ರ ಅಕ್ಟೋಬರ್ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಅವುಗಳಿಗೆ ಸೂಚಿಸಿತ್ತು.

ಇಷ್ಟಾದರೂ ಅನುಮಾನ ಹೋಗದಿದ್ದರೆ ಮೇಕಪ್ ಪೂರ್ತಿ ತೆಗೆಯಿರಿ. ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ಬಳಸುವವರು ‘ವ್ಯೂ’ ಮೆನುವಿನ ‘ಮೆಸೇಜ್ ಬಾಡಿ ಆ್ಯಸ್’ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಆರಿಸಬಹುದು. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಇದು ‘ಟ್ರಸ್ಟ್ ಸೆಂಟರ್’ನ ‘ಇಮೇಲ್ ಸೆಕ್ಯುರಿಟಿ’ಯಲ್ಲಿದೆ. ಗೂಢಲಿಪಿಯಲ್ಲಿ ಮೇಲ್ ಕಳಿಸುವ ಪತ್ರಕರ್ತರಂಥವರಿಗಂತೂ ಇದು ಬೇಕೇ ಬೇಕು. ಬಿಡಿಸಿದ ಗೂಢ ಸಂದೇಶವನ್ನು ಎಚ್‌ಟಿಎಂಎಲ್ ಮೂಲಕ ಹೊರಗೆ ಸೋರಿಸಬಹುದು ಎಂದು 2018ರಲ್ಲಿ ಯುರೋಪಿನ ಸಂಶೋಧಕರು ‘ಇಫೇಲ್’ ಹೆಸರಿನಲ್ಲಿ ತೋರಿಸಿದ್ದರು.

ನೀವೇ ಬರೆಯುವಾಗ? ಜಿಮೇಲ್‌ನಲ್ಲಿ ಕಂಪೋಸ್ ಕಿಟಕಿಯ ಕೆಳಗಿನ ಮೂರು ಚುಕ್ಕಿ ಒತ್ತಿ, ‘ಪ್ಲೇನ್ ಟೆಕ್ಸ್ಟ್ ಮೋಡ್’ ಆರಿಸಿ. ಕನ್ನಡವೂ ಚೆನ್ನಾಗಿಯೇ ಹೋಗುತ್ತದೆ. ದಪ್ಪಕ್ಷರ, ಬಣ್ಣ ಮಾತ್ರ ಇರದು.

ಒಂದು ಎಚ್ಚರ. ಪ್ಲೇನ್ ಟೆಕ್ಸ್ಟ್ ಇದ್ದರೂ ಅಟ್ಯಾಚ್‌ಮೆಂಟ್‌ನ ವೈರಸ್ ವೈರಸ್ಸೇ. ಕಳಿಸಿದವರ ಹೆಸರನ್ನೂ ನಕಲು ಮಾಡಬಹುದು. ಮೋಸಕ್ಕೆ ಸಿಕ್ಕಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.