ಒಂದು ಊಹೆಗೆ ಒಂದು ಬಾಲ್: ಪೇಂಟ್‌ಬಾಲ್ ಇಟ್ಟುಕೊಂಡು ಒಂಬತ್ತನೇ ಕ್ಲಾಸಿಗೆ ಪಾಠ ಮಾಡಿದ ನನ್ನ ಅನುಭವ

ಹೋದ ಜನವರಿಯಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ 38 ಮಕ್ಕಳು ತಲಾ ಹತ್ತು ಪೇಂಟ್‌ಬಾಲ್ ಹೊಡೆದರು. ಹೆಚ್ಚಿಲ್ಲ, ಹತ್ತೇ. ಆ 380 ಬಾಲಿಗೆ ಅವರು ಬರೆದ ಲೆಕ್ಕ ಐದು ಲಾಂಗ್ ನೋಟ್‌ಬುಕ್ ತುಂಬಿದೆ. "ಮಕ್ಕಳ ಕೈಗೆ ಗನ್ ಕೊಟ್ಟು ಪಾಠ ಮಾಡ್ತೀರಾ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಕೇಳಿದವರೇ ಈಗ ಆ ನೋಟ್‌ಬುಕ್ ಮನೆಗೆ ಒಯ್ದು ನೋಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಣಿತ, ವಿಜ್ಞಾನದ ಮೇಷ್ಟ್ರು. ಮಲೆನಾಡಿನ ಹೈಸ್ಕೂಲು. ಪೇಂಟ್‌ಬಾಲ್ ಅಂದರೆ ಜೆಲಟಿನ್ ಸಿಪ್ಪೆಯೊಳಗೆ ಬಣ್ಣ ತುಂಬಿದ ಪುಟ್ಟ ಬಾಲು, ತಾಗಿದಲ್ಲಿ ಒಡೆದು ಕಲೆ ಮಾಡುತ್ತದೆ. ಅದನ್ನು ಹೊಡೆಯುವ ಗನ್ನಿಗೆ ಮಾರ್ಕರ್ ಅನ್ನುತ್ತಾರೆ, ಗನ್ನಿಗೆ ಒತ್ತಡದ ಅನಿಲ ಕೊಡುವುದು ಟ್ಯಾಂಕ್, ಬಾಲಿನ ವೇಗ ಅಳೆಯುವ ಯಂತ್ರ ಕ್ರೋನೋ.

ಮೊದಲ ವರ್ಷ ಮಾಡಿದ್ದು ಶುದ್ಧ ತಪ್ಪು. 42 ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಕಾಫಿ ತೋಟದ ಪಕ್ಕದ ಗ್ರೌಂಡಿಗೆ ಶನಿವಾರ ಕರೆದುಕೊಂಡು ಹೋದೆ. ತಲೆಗೆ 350ರ ಪ್ಯಾಕೇಜು. ಬಸ್ಸು ಸೇರಿ ಹತ್ತಿರ ಹತ್ತಿರ 20,000 ಆಯಿತು. ಅದರಲ್ಲಿ ಆರು ಸಾವಿರ ನನ್ನ ಜೇಬಿನದು. ಆಟ ಆಡಿಸಿದ ಮೇಲೆ ಪಾಠ ಅಂತ ನನ್ನ ಲೆಕ್ಕ. ಆಟ ಮುಗಿದ ಮೇಲೆ ಯಾವ ಮಗು ಪಾಠ ಕೇಳುತ್ತದೆ? ಯಾರು ಯಾರಿಗೆ ಹೊಡೆದರು ಅನ್ನುವುದು ಬಿಟ್ಟು ಬೇರೇನೂ ಅವರ ತಲೆಯಲ್ಲಿ ಉಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹುಡುಗನ ಕಣ್ಣು ಕಾಯುವ ಮಾಸ್ಕಿಗೆ ಆವಿ ಕಟ್ಟಿ, ಅವನು ಆಟದ ನಡುವೆಯೇ ಅದನ್ನು ಎತ್ತಿಬಿಟ್ಟ. ರೆಫರಿ ತಕ್ಷಣ ಸೀಟಿ ಊದಿದರು, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನುಷ್ಯರ ಮೇಲೆ ಹೊಡೆಯುವುದು ನನ್ನ ಪಾಠದಲ್ಲಿ ಇನ್ನು ಇಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಎರಡನೇ ವರ್ಷ ದುಡ್ಡು ಉಳಿಸಲು ಹೋಗಿ ಕೆಟ್ಟೆ. ಜೂನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 500 ಬಾಲಿನ ಒಂದು ಚೀಲ ತಂದು ಲ್ಯಾಬಿನ ಬೀರುವಿನಲ್ಲಿ ಇಟ್ಟೆ. ಒಂದಕ್ಕೆ ಐದು ರೂಪಾಯಿ ಹತ್ತಿರ ಬಿದ್ದಿತ್ತು. ನಮ್ಮ ಕಡೆ ಮಳೆಗಾಲ ಹೇಗೆ ಅಂತ ಹೇಳಬೇಕಾ? ಆಗಸ್ಟ್‌ನಲ್ಲಿ ಬಿಚ್ಚಿದರೆ ಬಾಲುಗಳು ಒಂದಕ್ಕೊಂದು ಅಂಟಿ, ಮೆತ್ತಗಾಗಿ, ತಳದವು ಚಪ್ಪಟೆಯಾಗಿದ್ದವು. ಸಿಪ್ಪೆ ಜೆಲಟಿನ್ ಅಲ್ವಾ, ಗಾಳಿಯ ನೀರು ಕುಡಿದಿತ್ತು. ಒಂದೂ ಬ್ಯಾರೆಲಿಗೆ ಇಳಿಯಲಿಲ್ಲ. 2,500 ರೂಪಾಯಿ ಹೋಯಿತು, ಕಾರ್ಯಕ್ರಮ ನಿಂತಿತು.

ಬಿಸಾಡುವ ಮೊದಲು, ಸುಮ್ನೆ ಇರಲಿ ಅಂತ, ಮಿ.ಮೀ.ಗಿಂತ ಸಣ್ಣದನ್ನೂ ಅಳೆಯುವ ವರ್ನಿಯರ್ ಕೊಟ್ಟು ಅಳೆಯಿರಿ ಅಂದೆ. ಪಿಯುಸಿಯಲ್ಲಿ ಮುಟ್ಟಬೇಕಾದ ವರ್ನಿಯರನ್ನು ಒಂಬತ್ತನೇ ಕ್ಲಾಸಿನವರು ಅರ್ಧ ಗಂಟೆಯಲ್ಲಿ ಕಲಿತರು. ಸರಿಯಾದ ಬಾಲು 17.3 ಮಿ.ಮೀ. ಇರಬೇಕು. ಬ್ಯಾರೆಲಿನ ಒಳಗಿನ ಅಳತೆ ಸುಮಾರು 17.5. ನಮ್ಮವು ಬಹುತೇಕ 17.6 ದಾಟಿದ್ದವು, ಕೆಲವು 18. ಒಂದೇ ಬಾಲನ್ನು ಎರಡು ಕಡೆಯಿಂದ ಅಳೆದರೆ ಎರಡು ಉತ್ತರ. "ಸಾರ್, ಇದು ಗೋಳ ಅಲ್ಲ, ಮೊಟ್ಟೆ" ಅಂದಳು ಒಬ್ಬಳು. ಸರಾಸರಿ ಯಾಕೆ ಬೇಕು ಅಂತ ನಾನು ಹನ್ನೆರಡು ವರ್ಷದಿಂದ ಹೇಳುತ್ತಾ ಬಂದಿದ್ದು ಅವತ್ತು ಮಕ್ಕಳಿಗೆ ತಾನಾಗಿ ಹೊಳೆಯಿತು. ಆಟ ಇಲ್ಲದೆಯೂ ಪಾಠ ನಡೆಯುತ್ತದೆ, ಹೊಡೆಯುವುದು ಕೊನೆಗೆ ಬಂದರೆ ಸಾಕು ಅನ್ನುವುದು ನನಗೆ ಗೊತ್ತಾಗಿದ್ದು ಆ ಕೆಟ್ಟ ಚೀಲದಿಂದ.

ಮೂರನೇ ವರ್ಷದ ನಿಯಮ ಒಂದೇ: ಒಂದು ಊಹೆಗೆ ಒಂದು ಬಾಲ್. ಎಲ್ಲಿ ಬೀಳುತ್ತದೆ, ಎಷ್ಟು ವೇಗ ಬರುತ್ತದೆ, ಕಲೆ ಎಷ್ಟು ಅಗಲ ಆಗುತ್ತದೆ, ಯಾವುದನ್ನಾದರೂ ಸರಿ, ಲೆಕ್ಕದ ಸಮೇತ ಮೊದಲು ಬರೆಯಬೇಕು. ಬರೆದವರಿಗೆ ಬಾಲು. ಊಹೆ ತಪ್ಪಾದರೆ ಪರವಾಗಿಲ್ಲ, ಯಾಕೆ ತಪ್ಪಾಯಿತು ಅಂತ ಎರಡು ಸಾಲು ಬರೆದರೆ ಮುಂದಿನ ಬಾಲು. ಲೆಕ್ಕ ಅಂದರೆ ಓಡಿಹೋಗುವ ಹುಡುಗರು ಬಾಲಿನ ಆಸೆಗೆ ವರ್ಗಮೂಲ ತೆಗೆದರು.

ಗ್ರೌಂಡಿಗೆ ಹೋಗುವ ಮುಂಚೆ ಮೂರು ವಾರ ಕ್ಲಾಸಿನಲ್ಲೇ. ಮೊದಲ ದಿನ ಒಬ್ಬೊಬ್ಬರಿಗೂ ಒಂದೊಂದು ಬಾಲು, ಜೊತೆಗೆ ಮೆಡಿಕಲ್ ಶಾಪಿನ ಒಂದು ಮೀನೆಣ್ಣೆ ಮಾತ್ರೆ. ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಸವರಿ ಅಂದೆ. ಎರಡರಲ್ಲೂ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ ಸಿಗುತ್ತದೆ. ಜೆಲಟಿನ್ನಿನ ಎರಡು ಹಾಳೆ, ತಿರುಗುವ ಎರಡು ಅಚ್ಚು, ನಡುವೆ ಬಣ್ಣ. ಅಚ್ಚು ಕೂಡಿದಾಗ ಅಂಚು ಬೆಸೆದುಕೊಳ್ಳುತ್ತದೆ. "ಕರ್ಜಿಕಾಯಿ ಅಚ್ಚು ಸಾರ್!" ಅಂತ ಹಿಂದಿನ ಬೆಂಚಿನಿಂದ ಬಂತು. ಅಷ್ಟೇ, ಬೇರೆ ವಿವರಣೆ ಬೇಕಾಗಲಿಲ್ಲ. ಸುತ್ತುವ ಅಚ್ಚಿನ ಈ ವಿಧಾನ 1933ರ ಸುಮಾರಿಗೆ ಔಷಧಕ್ಕೆಂದು ಬಂದಿದ್ದು.

ಆಮೇಲೆ ಅದೇ ಬಾಲಿನ ಗಾತ್ರದ ಲೆಕ್ಕ. ಗೋಳದ ಸೂತ್ರ ಹಾಕಿದರೆ 2.7 ಘನ ಸೆಂ.ಮೀ. ತೂಕ ಮೂರು ಗ್ರಾಂ. ಸಾಂದ್ರತೆ 1.1. ಹಾಗಾದರೆ ನೀರಿನಲ್ಲಿ ಮುಳುಗಬೇಕು. ಲೋಟಕ್ಕೆ ಹಾಕಿದರು, ಮುಳುಗಿತು. ಬಾಯಿ ಬಿಟ್ಟುಕೊಂಡು ನೋಡಿದರು. ಲೆಕ್ಕ ಹೇಳಿದ ಮಾತನ್ನು ನೀರು ಕೇಳಿತಲ್ಲ ಅನ್ನುವ ಆಶ್ಚರ್ಯ.

ಸಮಾಜ ವಿಜ್ಞಾನಕ್ಕೆ ನಾನು ಹುಡುಕಿ ಹೋಗಲೇ ಇಲ್ಲ, ಅದೇ ಬಂತು. ನಮ್ಮ ಮಕ್ಕಳು ಅರಣ್ಯ ಇಲಾಖೆಯವರು ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕುವುದನ್ನು ನೋಡಿದವರು. ಅಮೆರಿಕದಲ್ಲೂ ಮರ, ದನ ಗುರುತು ಮಾಡಲು ನೆಲ್ಸನ್ ಕಂಪನಿ ಬಣ್ಣದ ಪಿಸ್ತೂಲು ಮಾರುತ್ತಿತ್ತು. ನೆಲ್-ಸ್ಪಾಟ್ 007 ಅಂತ ಅದರ ಹೆಸರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಹೆನಿಕರ್ ಹತ್ತಿರದ ಕಾಡಿನಲ್ಲಿ 12 ಜನ ಅದನ್ನು ಹಿಡಿದು ಬಾವುಟ ಕೀಳುವ ಆಟ ಆಡಿದರು. ಅದೇ ಮೊದಲ ಪೇಂಟ್‌ಬಾಲ್ ಆಟ. ಗೆದ್ದವನು ರಿಚಿ ವೈಟ್, ಕಾಡಿನ ಕೆಲಸದವನು. ಒಂದೇ ಒಂದು ಗುಂಡು ಹಾರಿಸದೆ ಗೆದ್ದ. ಇದನ್ನು ಹೇಳಿದಾಗ ಕ್ಲಾಸು ಗಪ್‌ಚುಪ್. ಕಾಡು ಗೊತ್ತಿದ್ದವನು ಗೆದ್ದ ಅನ್ನುವುದು ಈ ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ, ಶಾಲೆಯ ಹಿಂದಿನ ಗುಡ್ಡದ ನಕ್ಷೆಯನ್ನು ಮರ, ಬಂಡೆ, ಹಳ್ಳ ಸಮೇತ ಅಳತೆ ಇಟ್ಟು ಬರೆದು ತಂದರು. ಆ ನಕ್ಷೆ ಹಿಡಿದೇ ಪಿ.ಟಿ. ಮೇಷ್ಟ್ರು ಬಾವುಟದ ಆಟ ಆಡಿಸಿದರು. ಬಾಲಿನ ಬದಲು ಹಳೇ ಕಾಲ್ಚೀಲದಲ್ಲಿ ಸೀಮೆಸುಣ್ಣದ ಪುಡಿ. ತಾಗಿದರೆ ಬಿಳಿ ಕಲೆ, ಖರ್ಚು ಸೊನ್ನೆ. ಲಗೋರಿ ಆಡಿ ಬೆಳೆದ ಮಕ್ಕಳಿಗೆ ಮರೆ ಎಲ್ಲಿ, ಕೋನ ಎಲ್ಲಿ ಅಂತ ಹೇಳಿಕೊಡಬೇಕಾಗಿಲ್ಲ. ಕನ್ನಡದ ಮೇಡಂ ಆಟದ ನಿಯಮಗಳನ್ನು ಮಕ್ಕಳಿಂದಲೇ ಬರೆಸಿದರು. ಅವರದು ಇನ್ನೂ ದೊಡ್ಡ ಕಥೆ, ಅವರೇ ಬರೆಯಲಿ.

ಒಂದು ತಕರಾರು ಬಂತು. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವುದು ಅಂತ ಪಾಠದಲ್ಲಿ ಹೇಳಿದ್ದೆ. ಮರುದಿನ ಒಬ್ಬ ಹುಡುಗಿ, "ಅಜ್ಜಿ ಮುಟ್ಟಬೇಡ ಅಂದ್ರು ಸಾರ್" ಅಂದಳು. ಒತ್ತಾಯ ಮಾಡಲಿಲ್ಲ. ಅವಳು ಮತ್ತು ಇನ್ನು ಮೂವರು ಸೇರಿ ಕಿರಾಣಿ ಅಂಗಡಿಯ ಚೀನಾ ಗ್ರಾಸಿನಲ್ಲಿ (ಕಡಲ ಪಾಚಿಯಿಂದ ಮಾಡುವ ಅಗರ್) ಬೇರೆ ಬಾಲು ಮಾಡುತ್ತೇವೆ ಅಂದರು. ಬೀಟ್‌ರೂಟ್ ನೀರು ಒಳಗೆ. ಮೊದಲ ಮೂವತ್ತು ಕೈಯಲ್ಲೇ ಒಡೆದವು. ಚೀನಾ ಗ್ರಾಸ್ ಬಗ್ಗುವುದಿಲ್ಲ, ಬಿರಿಯುತ್ತದೆ. ಕೊನೆಗೆ ಎರಡು ಅಡುಗೆಮನೆ ಪದಾರ್ಥ ಸೇರಿಸಿ, ಗೋಡೆಗೆ ಎಸೆದರೆ ಮಾತ್ರ ಒಡೆಯುವಂಥದ್ದು ಮಾಡಿದರು. ಆ ಪದಾರ್ಥ ಯಾವುದು ಅಂತ ನಾನು ಹೇಳುವುದಿಲ್ಲ. ಅದು ಆ ನಾಲ್ವರ ಗುಟ್ಟು, ತಾಲ್ಲೂಕಿನ ವಿಜ್ಞಾನ ಮೇಳಕ್ಕೆ ಒಯ್ಯುತ್ತಾರಂತೆ.

ಇನ್ನು ಗ್ರೌಂಡಿನ ದಿನ. ಶನಿವಾರ ಬೇಡ, ಮಂಗಳವಾರ ಹೋಗಿ. ಗ್ರೌಂಡು ಖಾಲಿ ಇರುತ್ತದೆ, ಮಾಲೀಕರಿಗೂ ಪುರುಸೊತ್ತು. ಎರಡು ಮಾರ್ಕರ್, ಹನ್ನೆರಡು ಮಾಸ್ಕ್ ಸಾಕು ಅಂದಾಗ ಅವರು ಪ್ಯಾಕೇಜ್ ಮಾತೇ ಎತ್ತಲಿಲ್ಲ. ಬಾಲಿಗೆ ಎರಡು ಸಾವಿರ ಚಿಲ್ಲರೆ, ಗ್ರೌಂಡಿಗೆ ಸಾವಿರದೈನೂರು, ಊರಿನ ಎರಡು ಜೀಪಿಗೆ ಎರಡು ಸಾವಿರ, ಹಲಗೆ, ಬಲೆ ಅಂತ ಇನ್ನೊಂದು ಐನೂರು. ಆರು ಸಾವಿರ ಚಿಲ್ಲರೆಯಲ್ಲಿ ಮುಗಿಯಿತು.

ಮಾರ್ಕರನ್ನು ಬೆಂಚಿಗೆ ಬಿಗಿದು, ಗಾರೆಯವರ ಟ್ಯೂಬ್ ಲೆವೆಲ್ ಇಟ್ಟು ಬ್ಯಾರೆಲನ್ನು ಮಟ್ಟ ಮಾಡಿದೆವು. ಇದನ್ನು ತಪ್ಪಿಸಬೇಡಿ. ಕ್ರೋನೋದಲ್ಲಿ ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್. ಹಲಗೆ 30 ಮೀಟರ್ ದೂರ. ಮಕ್ಕಳ ಲೆಕ್ಕ: 0.35 ಸೆಕೆಂಡು, 60 ಸೆಂ.ಮೀ. ಕೆಳಗೆ ಬೀಳಬೇಕು. ಹತ್ತು ಬಾಲು ಹೊಡೆದು ಸರಾಸರಿ ತೆಗೆದರೆ ಹತ್ತಿರ ಹತ್ತಿರ ಒಂದು ಮೀಟರ್! "ಸೂತ್ರ ಸುಳ್ಳು ಸಾರ್" ಅಂತ ಗಲಾಟೆ. ಅರ್ಧ ಗಂಟೆ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ, ಬೈಕಿನಲ್ಲಿ ಅಪ್ಪನ ಹಿಂದೆ ಕೂತಾಗ ಅಂಗಿ ಉಬ್ಬುತ್ತಲ್ಲ, ಹಾಗೆ ಗಾಳಿ ತಡೆಯುತ್ತಿದೆ ಅಂದ. ಹಲಗೆ ಮುಟ್ಟುವ ಹೊತ್ತಿಗೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ತಲುಪಲು ಹೆಚ್ಚು ಹೊತ್ತು ಬೇಕು, ಅಷ್ಟೂ ಹೊತ್ತು ಬಾಲು ಕೆಳಗೆ ಬೀಳುತ್ತಲೇ ಇರುತ್ತದೆ. ಅದನ್ನು ನಾನು ಹೇಳಿದ್ದು ಅವನು ಹೇಳಿದ ಮೇಲೆ.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಮಾಲೀಕರು ಕಾರ್ಬನ್ ಡೈಆಕ್ಸೈಡ್ ಟ್ಯಾಂಕ್ ಹಾಕಿ ಬಡಬಡ ಹೊಡೆದರು, ಮಕ್ಕಳು ವೇಗ ಬರೆದುಕೊಂಡರು. 281, 276, 268, 255, ಹೀಗೆ ಇಳಿಯುತ್ತಾ ಹೋಯಿತು. ಟ್ಯಾಂಕ್ ಮುಟ್ಟಿದರೆ ತಣ್ಣಗೆ, ಹೊರಗೆ ಬೆವರು. ಮದುವೆ ಮನೆಯಲ್ಲಿ ದೊಡ್ಡ ಒಲೆ ಉರಿಯುವಾಗ ಗ್ಯಾಸ್ ಸಿಲಿಂಡರ್ ಬೆವರುತ್ತದೆ, ಉರಿ ಸಣ್ಣಗಾಗುತ್ತದೆ, ಭಟ್ಟರು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತಾರೆ, ನೋಡಿದ್ದೀರಾ ಅಂದೆ. ಅರ್ಧ ಕ್ಲಾಸು ಕೈಯೆತ್ತಿತು. ಟ್ಯಾಂಕಿನೊಳಗಿನ ದ್ರವ ಅನಿಲವಾಗಲು ಶಾಖ ಬೇಕು, ಅದನ್ನು ಟ್ಯಾಂಕಿನಿಂದಲೇ ಎಳೆದುಕೊಳ್ಳುತ್ತದೆ. ಟ್ಯಾಂಕ್ ತಣ್ಣಗಾದಂತೆ ಒತ್ತಡ ಇಳಿಯುತ್ತದೆ, ಬಾಲಿನ ವೇಗವೂ ಇಳಿಯುತ್ತದೆ. ಮುಗಿಯಿತು.

ಶಕ್ತಿಯ ಲೆಕ್ಕವೂ ಚೆನ್ನಾಗಿ ಬಂತು. ಮೂರು ಗ್ರಾಂ, ಸೆಕೆಂಡಿಗೆ 85 ಮೀಟರ್ ವೇಗ: ಸುಮಾರು 11 ಜೌಲ್. 160 ಗ್ರಾಂ ಕ್ರಿಕೆಟ್ ಬಾಲನ್ನು ಗಂಟೆಗೆ 42 ಕಿ.ಮೀ. ವೇಗದಲ್ಲಿ ಎಸೆದರೂ ಅಷ್ಟೇ. "ಹಾಗಾದ್ರೆ ಮಾಸ್ಕ್ ಯಾಕೆ?" ಅಂತ ಕೇಳಿದವನೇ, ಎರಡರ ಗಾತ್ರ ಪಕ್ಕಪಕ್ಕ ಬರೆದು, ಸಣ್ಣ ಬಾಲು ಕಣ್ಣುಗುಳಿಯೊಳಗೇ ಇಳಿಯುತ್ತದೆ ಅಂತ ತಾನೇ ಉತ್ತರ ಕೊಟ್ಟ. ಆ ದಿನ ಒಬ್ಬರೂ ಮಾಸ್ಕ್ ಎತ್ತಲಿಲ್ಲ.

ಪೋಷಕರ ಒಪ್ಪಿಗೆಗೆ ಸಭೆಯ ಮೊದಲ ಐದು ನಿಮಿಷ ಏನು ತೋರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ. 38ಕ್ಕೆ 38 ಸಹಿ ಬಂತು, ಆ ಅಜ್ಜಿಯ ಮನೆಯದೂ ಸೇರಿ. ಈ ವರ್ಷದ ಬಾಲು ಮಳೆ ಬಿಟ್ಟ ಮೇಲೆ, ದೀಪಾವಳಿ ಕಳೆದು ತರುತ್ತೇನೆ. ಬೆಂಚು, ಟ್ಯೂಬ್ ಲೆವೆಲ್, ಬಲೆ ನನ್ನ ಹತ್ತಿರವೇ ಇವೆ. ಸುತ್ತಮುತ್ತಲ ಶಾಲೆಯವರು ಯಾರಾದರೂ ಮಾಡುವುದಾದರೆ ಒಯ್ಯಬಹುದು. ವರ್ನಿಯರ್ ಮಾತ್ರ ಎರಡೇ ಇವೆ, ಅದನ್ನು ಕೊಡಲಾಗದು.