ಅಂಬಾಸಿಡರ್ ಕ್ಲಚ್ ಬೇಗ ಸವೆಯುತ್ತಿದ್ದರೆ

ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ಸ್ಲಿಪ್ ಆಗ್ತಿದೆಯಾ, ಅಂದ್ರೆ ಎಂಜಿನ್ ಜೋರಾಗಿ ತಿರುಗಿದರೂ ಗಾಡಿ ಎಳೆಯುತ್ತಿಲ್ಲವಾ? ಸುಮ್ನೆ ಇನ್ನೊಂದು ಪ್ಲೇಟ್ ತರಬೇಡಿ. ಬಿಚ್ಚಿದ ಹಳೆ ಪ್ಲೇಟನ್ನು ಕೇಳಿ ತೆಗೆದುಕೊಂಡು ನೋಡಿ.

ಲೈನಿಂಗ್ (ಪ್ಲೇಟ್ ಮೇಲಿನ ಸವೆಯುವ ಪದರ) ಕಪ್ಪಾಗಿ ಜಿಡ್ಡು ಹಿಡಿದಿದ್ದರೆ ಅದು ಆಯಿಲ್ ಸೋರಿಕೆ. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ಶಾಫ್ಟ್) ಹಿಂಭಾಗದಿಂದ ಸೋರುವುದು ಜಾಸ್ತಿ. ಗೇರ್ ಆಯಿಲ್ ಆದರೆ ಘಾಟು ವಾಸನೆಯಲ್ಲೇ ಗೊತ್ತಾಗುತ್ತದೆ.

ಪ್ಲೇಟ್ ಒಣಗಿದ್ದು, ರಿವೆಟ್‌ವರೆಗೂ ಸವೆದು, ಫ್ಲೈವೀಲ್ (ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಚಕ್ರ) ಮೇಲೆ ನೀಲಿ ಕಲೆಗಳಿವೆಯಾ? ಕ್ಲಚ್ ಪೂರ್ತಿ ಹಿಡಿಯುತ್ತಿಲ್ಲ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಇಲ್ಲ ಅಂದ್ರೆ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಹೋಸ್ ಮೇಲೆ ನನಗೆ ಮೊದಲ ಅನುಮಾನ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಫ್ಲೂಯಿಡ್ ವಾಪಸ್ ಬಿಡುವುದಿಲ್ಲ, ಹಾಗಾಗಿ ಕ್ಲಚ್ ಸ್ವಲ್ಪ ತುಳಿದಂತೆಯೇ ಉಳಿಯುತ್ತದೆ. ಪೆಡಲ್ ನಾಲ್ಕೈದು ಸಲ ತುಳಿದು ಕಾಲು ತೆಗೆಯಿರಿ. ಆಮೇಲೆ ಸ್ಲೇವ್ ಸಿಲಿಂಡರ್‌ನ ಬ್ಲೀಡ್ ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ಸಣ್ಣ ಸ್ಕ್ರೂ) ನಿಧಾನಕ್ಕೆ ಸಡಿಲಿಸಿ, ಮುಖ ದೂರ ಇರಲಿ. ತೊಟ್ಟಿಕ್ಕಿದರೆ ಸರಿ, ಚಿಮ್ಮಿದರೆ ಹೋಸ್ ಅಥವಾ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಕಟ್ಟಿಕೊಂಡಿದೆ.