ಹಲ್ಲಿನ ಚಿಕಿತ್ಸೆಯ ವೇಳೆ ಮಗುವಿಗೆ ವಿಆರ್ ಹೆಡ್‌ಸೆಟ್ ಹಾಕುವುದು ಹೇಗೆ?

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಎಂದರೆ ಕಣ್ಣಿಗೆ ಹಾಕಿಕೊಂಡರೆ ಸುತ್ತಲೂ ದೃಶ್ಯ ಕಾಣಿಸುವ ಸಾಧನ. ತಯಾರಕರು ಹೇಳಿದ ವಯೋಮಿತಿ ನೋಡಿಕೊಳ್ಳಿ. ಮೂರ್ಛೆರೋಗವಿರುವ ಮಕ್ಕಳಿಗೆ ಇದು ಬೇಡ. ಮಗು ನೆಟ್ಟಗೆ ಕೂತಿರುವಾಗಲೇ ಹೆಡ್‌ಸೆಟ್ ಹಾಕಿ, ಎರಡು ಮೂರು ನಿಮಿಷ ರೂಢಿ ಮಾಡಿಸಿ.

ಕುರ್ಚಿ ಒರಗಿಸಿದ ಮೇಲೆ ದೃಶ್ಯವನ್ನು ಮತ್ತೆ ಕಣ್ಣಿನ ನೇರಕ್ಕೆ ತನ್ನಿ. ಇದು ತಪ್ಪಿದರೆ ಮಗುವಿಗೆ ಬರೀ ಆಕಾಶ ಕಾಣುತ್ತದೆ. ಚಿತ್ರ ಹುಡುಕುತ್ತಾ ಗದ್ದ ಇಳಿಸುತ್ತದೆ, ವೈದ್ಯರಿಗೆ ಬಾಯಿ ಸರಿಯಾಗಿ ಸಿಗುವುದಿಲ್ಲ. ತಲೆ ಆಡಿಸಬೇಕಾದ ಆಟಗಳೂ ಅದಕ್ಕೇ ಬೇಡ. ಸಮುದ್ರದಾಳದಂಥ ನಿಧಾನ ದೃಶ್ಯವೇ ಒಳ್ಳೆಯದು. ವೇಗದ ದೃಶ್ಯದಿಂದ ವಾಕರಿಕೆ ಬರಬಹುದು.

ಶಬ್ದ ಕಡಿಮೆಯಿರಲಿ, ವೈದ್ಯರ ಮಾತು ಕೇಳಿಸಬೇಕು. ಹೆಡ್‌ಸೆಟ್‌ನಿಂದ ಕಣ್ಣು ಮುಚ್ಚಿರುವ ಮಗು ಹಠಾತ್ ಸ್ಪರ್ಶಕ್ಕೆ ಬೆಚ್ಚುತ್ತದೆ, ಆದ್ದರಿಂದ ಪ್ರತಿ ಬಾರಿಯೂ ಹೇಳಿಯೇ ಮುಟ್ಟಿ. ಮಗು ಕೈ ಎತ್ತಿದರೆ ತಕ್ಷಣ ನಿಲ್ಲಿಸಿ. ವಿಆರ್ ಗಮನ ಸೆಳೆದು ನೋವಿನ ಅರಿವನ್ನು ತಗ್ಗಿಸುತ್ತದೆ ಅಷ್ಟೇ. ಅರಿವಳಿಕೆ ಚುಚ್ಚುಮದ್ದು ಬೇಕಾದಲ್ಲಿ ಕೊಡಲೇಬೇಕು.